ಹಡಗಲಿ ಅಂಗಡಿಯ ಗಾಜಿನ ಫ್ರೀಜರ್

ನಮ್ಮ ಐಸ್‌ಕ್ರೀಮ್ ತಿನ್ನದೆ ಈ ಐದು ಊರುಗಳಲ್ಲಿ ಯಾರೂ ದೊಡ್ಡವರಾಗಿಲ್ಲ ಎಂದು ದೊಡ್ಡಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದ. ಉಬ್ಬಿಸಿ ಹೇಳುವುದು ಅವನ ಸ್ವಭಾವ, ಆದರೆ ಪೂರ್ತಿ ಸುಳ್ಳೂ ಅಲ್ಲ. ಕೊಟ್ಟೂರಿನಲ್ಲಿ ಐಸ್‌ಕ್ರೀಮ್ ಮಾಡುವ ಕಾರ್ಖಾನೆ, ಅದರ ಮುಂದೆಯೇ ಒಂದು ಪಾರ್ಲರ್. ಕೂಡ್ಲಿಗಿ ಮತ್ತು ಹರಪನಹಳ್ಳಿಯ ಪಾರ್ಲರ್‌ಗಳು ದೊಡ್ಡಪ್ಪನ ಇಬ್ಬರು ಮಕ್ಕಳ ಕೈಯಲ್ಲಿ. ಹಗರಿಬೊಮ್ಮನಹಳ್ಳಿಯದು ನನ್ನ ಅಪ್ಪನದು. ಹೂವಿನಹಡಗಲಿಯದು ಚಿಕ್ಕಪ್ಪನದು. ಅವನು ತೀರಿಕೊಂಡ ಮೇಲೆ ಅವನ ಹೆಂಡತಿಯದು, ಅಂದರೆ ನಮ್ಮ ಚಿಗವ್ವನದು. ಅಪ್ಪನದು, ಚಿಗವ್ವನದು ಎಂದು ಬಾಯಿ ಮಾತಿಗೆ ಅನ್ನುತ್ತೇನೆ ಅಷ್ಟೇ. ಕಾಗದದ ಮೇಲೆ ಐದೂ ದೊಡ್ಡಪ್ಪನವು. ಉಳಿದವರೆಲ್ಲ ಗಲ್ಲೆಯ ಮೇಲೆ ಕೂಡುವವರು.

ನಾನು ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬೇಸಿಗೆ ರಜೆ ಬಂತೆಂದರೆ ಅಪ್ಪನ ಜೊತೆ ಅಂಗಡಿಯಲ್ಲಿರುತ್ತೇನೆ. ಬೇಸಿಗೆಯೇ ನಮಗೆ ಸುಗ್ಗಿ. ಉಳಿದ ತಿಂಗಳು ದುಡಿದದ್ದು ಕರೆಂಟ್ ಬಿಲ್ಲಿಗೆ ಸರಿಹೋಗುತ್ತದೆ. ಈ ಭಾಗದ ಬಿಸಿಲು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನ ಬಸ್ಸಿನಿಂದ ಇಳಿದವರು ಮೊದಲು ನೆರಳು ಹುಡುಕುತ್ತಾರೆ, ಆಮೇಲೆ ನಮ್ಮನ್ನು. ಸಂಜೆ ಮನೆಮಂದಿಯೆಲ್ಲ ಬರುತ್ತಾರೆ. ಒಂದು ಕಪ್ಪಿಗೆ ಮೂರು ಚಮಚ ಕೊಡಿ ಎನ್ನುವವರು, ಮಾವಿನದು ಕೊಟ್ಟರೆ ಪಿಸ್ತಾದು ಕೇಳಿದ್ದೆ ಎಂದು ಜಗಳ ತೆಗೆಯುವವರು, ತಿಂದು ಮುಗಿಸಿ ಸಪ್ಪಗಿತ್ತು ಎನ್ನುವವರು. ಮದುವೆ ಆರ್ಡರುಗಳು ಬೇರೆ. ನನಗೆ ಆ ಗದ್ದಲ ಇಷ್ಟವಾಗಿತ್ತು. ಬೈಯುವುದಕ್ಕೂ ಬೈಸಿಕೊಳ್ಳುವುದಕ್ಕೂ ಅಲ್ಲಿ ಬೇಕಾದಷ್ಟು ಅವಕಾಶವಿತ್ತು.

ಈ ವ್ಯಾಪಾರ ಹಚ್ಚಿದವನು ನಮ್ಮಜ್ಜ. ಅವನು ಮೊದಲು ಮಾಡುತ್ತಿದ್ದದ್ದು ಐಸ್‌ಕ್ರೀಮ್ ಅಲ್ಲ, ಐಸು. ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ತಗಡಿನ ಡಬ್ಬಿಗಳನ್ನು ಇಳಿಬಿಟ್ಟು, ಆಳೆತ್ತರದ ಐಸಿನ ಗಡ್ಡೆಗಳನ್ನು ತೆಗೆಯುತ್ತಿದ್ದನಂತೆ. ಸೋಡಾ ಅಂಗಡಿಯವರು, ಕಬ್ಬಿನ ಹಾಲಿನವರು ಒಯ್ಯುತ್ತಿದ್ದರು. ಸಾವಾದ ಮನೆಯವರೂ ಬರುತ್ತಿದ್ದರು. ದೂರದೂರಿನಿಂದ ಮಗಳೋ ಅಣ್ಣನೋ ಬರುವ ತನಕ ಹೆಣ ಇಟ್ಟುಕೊಳ್ಳಬೇಕಲ್ಲ, ಈ ಬಿಸಿಲಿನಲ್ಲಿ. ಅಂಥವರ ವಿಷಯದಲ್ಲಿ ಅಜ್ಜ ಒಂದು ನೇಮ ಮಾಡಿದ್ದ. ದುಡ್ಡು ಮುಟ್ಟಬಾರದು. ಯಾರು, ಯಾವ ಜಾತಿ, ಏನಾಗಿತ್ತು ಎಂದು ಕೇಳಬಾರದು. ಬಂದವರನ್ನು ನಿಲ್ಲಿಸಿಕೊಳ್ಳಬಾರದು, ಬೇರೆ ಗಿರಾಕಿ ಎಷ್ಟು ಮಂದಿ ಇದ್ದರೂ ಅವರದೇ ಮೊದಲು. ಐಸು ಕೊಟ್ಟು ಕಳಿಸಿದರೂ ಸಾಲದು, ನಮ್ಮ ಮನೆಯವರೇ ಒಬ್ಬರು ಜೊತೆಗೆ ಹೋಗಿ, ಕಟ್ಟಿಗೆ ಹೊಟ್ಟು ಹರಡಿ, ಗಡ್ಡೆಗಳನ್ನು ಹೆಣದ ಸುತ್ತ ಹೊಂದಿಸಿ ಬರಬೇಕು. ಬರುವಾಗ ಯಾರಿಗೂ ಹೇಳದೆ ಎದ್ದು ಬರಬೇಕು.

ಅಜ್ಜನ ಕೊನೆಗಾಲಕ್ಕೆ ಚಿಗವ್ವ ಸೊಸೆಯಾಗಿ ಬಂದಳು. ಅವನು ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು, ಬೆನ್ನು ಒರೆಸಿದವಳು ಅವಳೇ. ಗಂಡುಮಕ್ಕಳು ಮೂವರೂ ಹೊಸ ಐಸ್‌ಕ್ರೀಮ್ ಮಷೀನಿನ ಹುಚ್ಚಿನಲ್ಲಿದ್ದರು. ಅವನ ಮಾತು ಕೇಳಲು ಮನೆಯಲ್ಲಿ ಬಿಡುವಿದ್ದದ್ದು ಅವಳೊಬ್ಬಳಿಗೆ. ಹೀಗಾಗಿ ಆ ನೇಮ ನನ್ನ ಅಪ್ಪನಿಗಿಂತ, ದೊಡ್ಡಪ್ಪನಿಗಿಂತ, ಹೊರಗಿನಿಂದ ಬಂದ ಆಕೆಗೇ ಪಾಠವಾಗಿತ್ತು. ಅಜ್ಜ ಹೋದ ಮೇಲೆ ದೊಡ್ಡಪ್ಪ ಐಸಿನ ತೊಟ್ಟಿಯನ್ನು ಗುಜರಿಗೆ ಹಾಕಿದ. ಐಸಿನಲ್ಲಿ ಲಾಭವಿಲ್ಲ, ಜಾಗ ದಂಡ ಎಂದ. ಊರಿನ ಮಂದಿಯೂ ಹೆಣಕ್ಕೆ ಬಾಡಿಗೆಯ ಫ್ರೀಜರ್ ಪೆಟ್ಟಿಗೆ ತರಿಸಲು ಕಲಿತರು. ಐಸು ಕೇಳಿಕೊಂಡು ಬರುವವರು ನಿಂತುಹೋದರು. ನೇಮ ಮುರಿಯಿತು ಎಂದು ಯಾರೂ ಅಂದುಕೊಳ್ಳಲಿಲ್ಲ, ಅದನ್ನು ನೆನೆಯುವವರೇ ಇರಲಿಲ್ಲ.

ಚಿಕ್ಕಪ್ಪ ಸತ್ತಾಗ ಹಡಗಲಿಯ ಅಂಗಡಿ ಮುಚ್ಚಿಬಿಡೋಣ ಎಂದು ದೊಡ್ಡಪ್ಪ ಹೊರಟಿದ್ದ. ಚಿಗವ್ವ ತಾನೇ ಕೂಡುತ್ತೇನೆ ಎಂದಳು. ಕೊಟ್ಟೂರಿನ ಮನೆಯಲ್ಲಿ ಹತ್ತು ಜನರ ರೊಟ್ಟಿ ಬಡಿಯುತ್ತ, ಎರಡು ಮಕ್ಕಳನ್ನು ಕಟ್ಟಿಕೊಂಡು, ವಾರಗಿತ್ತಿಯ ಮುಖ ನೋಡುತ್ತ ಇರುವುದು ಬೇಡವಾಗಿತ್ತು ಅವಳಿಗೆ. ಹಡಗಲಿಯಲ್ಲೇ ಮನೆ ಮಾಡಿದಳು, ಮಕ್ಕಳನ್ನು ಅಲ್ಲಿಯೇ ಶಾಲೆಗೆ ಹಾಕಿದಳು. ಅಂಗಡಿ ನಡೆಸಿದಳು ನೋಡಿ, ಚಿಕ್ಕಪ್ಪ ಬದುಕಿದ್ದಾಗಲೂ ಹಾಗೆ ನಡೆದಿರಲಿಲ್ಲ. ಗಾಜು ಪಳಪಳ, ನೆಲ ಪಳಪಳ, ಗಿರಾಕಿಗೆ ಎದುರು ಮಾತಿಲ್ಲ. ನನಗೂ ಅವಳಿಗೂ ಹೆಚ್ಚೇನೂ ವಯಸ್ಸಿನ ಅಂತರವಿಲ್ಲ. ಅವಳನ್ನು ನೋಡಲೆಂದೇ ನಾನು ತಿಂಗಳಿಗೊಮ್ಮೆ ಹಡಗಲಿ ಬಸ್ ಹತ್ತುತ್ತಿದ್ದೆ.

ಆ ಅಂಗಡಿಯ ಮೆಟ್ಟಿಲ ಪಕ್ಕ ಒಬ್ಬಾಕೆ ಮಲ್ಲಿಗೆ ಕಟ್ಟಿ ಮಾರುತ್ತಿದ್ದಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಅರ್ಧ ಹೊರಗೇ. ಮಗಳು ಇನ್ನೂ ಶಾಲೆಗೆ ಸೇರದ ವಯಸ್ಸಿನವಳು, ದಿನವಿಡೀ ತಾಯಿಯ ಬುಟ್ಟಿಯ ಪಕ್ಕದಲ್ಲೇ. ಆ ಹುಡುಗಿ ಗಾಜಿನ ಫ್ರೀಜರಿಗೆ ಮೂಗು ಒತ್ತಿ ನಿಲ್ಲುವುದು, ತಾಯಿ ಕೂಗಿ ಕರೆಯುವುದು ದಿನದ ಆಟವಾಗಿತ್ತು. ಎದೆಯಲ್ಲಿ ಕಫ ಕಟ್ಟುವ ಮಗು, ಥಂಡಿ ಕೊಡಬೇಡಿ ಎಂದು ತಾಯಿ ಕಟ್ಟುನಿಟ್ಟಾಗಿ ಹೇಳಿದ್ದಳು. ಚಿಗವ್ವ ಪುಕ್ಕಟೆ ಕೊಡುತ್ತೇನೆಂದರೂ ಒಪ್ಪುತ್ತಿರಲಿಲ್ಲ. ಅದಕ್ಕೆ ಚಿಗವ್ವ ಬರೀ ಬಿಸ್ಕತ್ತಿನ ಕೋನ್ ಕೊಡುತ್ತಿದ್ದಳು, ಒಳಗೆ ಏನೂ ಹಾಕದೆ. ಹುಡುಗಿ ಅದನ್ನೇ ಸುತ್ತ ನೆಕ್ಕಿ ನೆಕ್ಕಿ ತಿನ್ನುತ್ತಿದ್ದಳು. ಒಮ್ಮೆ ನನಗೂ ಒಂದು ತುಂಡು ಮುರಿದು ಕೊಟ್ಟಿದ್ದಳು, ಪೂರಾ ಎಂಜಲು. ತಿಂದೆ, ಏನು ಮಾಡಲಿ.

ಹೋದ ವರ್ಷವಲ್ಲ, ಅದರ ಹಿಂದಿನ ಬೇಸಿಗೆಯಲ್ಲಿ ಆ ಹುಡುಗಿ ಜ್ವರ ಬಂದು ಸತ್ತಳು. ಬೆಳಿಗ್ಗೆ ಜೀವ ಹೋಯಿತು. ತಂದೆ ಲಾರಿ ತೆಗೆದುಕೊಂಡು ಎಲ್ಲೋ ಉತ್ತರದ ಕಡೆ ಹೋಗಿದ್ದ. ಎಷ್ಟು ಓಡಿ ಬಂದರೂ ಮರುದಿನವೇ. ಇಂಥ ಸಣ್ಣ ಮಗುವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡೋಣ ಎಂದು ಹಿರಿಯರು ಹೇಳಿದರಂತೆ. ತಾಯಿ ಬಿಡಲಿಲ್ಲ. ತಂದೆ ಮುಖ ನೋಡದೆ ಎತ್ತಗೊಡುವುದಿಲ್ಲ ಎಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳಂತೆ. ಬಾಡಿಗೆಯ ಪೆಟ್ಟಿಗೆ ಮೈಲಾರದ ಕಡೆ ಯಾವುದೋ ಹಳ್ಳಿಗೆ ಹೋಗಿತ್ತು. ಮೀನಿನ ಅಂಗಡಿಯ ಐಸು ತಂದರೆ, ಆ ವಾಸನೆ ನನ್ನ ಮಗಳ ಮೈಗೆ ಹತ್ತಬಾರದು ಎಂದು ವಾಪಸು ಕಳಿಸಿದಳಂತೆ. ಬಿಸಿಲು ಏರುತ್ತಿತ್ತು. ಆಗ ಆಕೆಯ ತಮ್ಮ ಒಂದು ಗೋಣಿಚೀಲ ಹಿಡಿದುಕೊಂಡು ಚಿಗವ್ವನ ಅಂಗಡಿಗೆ ಬಂದ. ಗಡ್ಡೆ ಐಸು ಇದೆಯೇ ಎಂದು ಕೇಳಿದ.

ಇಲ್ಲ ಎನ್ನಬಹುದಿತ್ತು. ನಿಜವಾಗಿಯೂ ಇರಲಿಲ್ಲ. ಚಿಗವ್ವ ಇಲ್ಲ ಎನ್ನಲಿಲ್ಲ. ಸಾವಿನ ಮನೆಯಿಂದ ಬಂದವನನ್ನು ನಿಲ್ಲಿಸಿಕೊಂಡೆನಲ್ಲ ಎಂಬುದೊಂದೇ ತಲೆಯಲ್ಲಿತ್ತಂತೆ. ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಎಬ್ಬಿಸಿ ಕಳಿಸಿದಳು. ಗಾಜಿನ ಮುಚ್ಚಳದ ಫ್ರೀಜರಿನಲ್ಲಿದ್ದ ಮಾಲನ್ನೆಲ್ಲ ಒಳಗಿನ ದೊಡ್ಡದಕ್ಕೆ ತುಂಬಿದಳು, ಹಿಡಿಸದೆ ಉಳಿದದ್ದನ್ನು ಕರಗಲು ಬಿಟ್ಟಳು. ಶಟರ್ ಎಳೆದು, ಸರಕಿನ ಟಂಟಂ ಗಾಡಿಗೆ ಫ್ರೀಜರ್ ಹೇರಿಸಿ, ತಾನೂ ಅದರ ಪಕ್ಕ ಹತ್ತಿ ಕೂತಳು. ಆ ಫ್ರೀಜರಿನ ಮುಂಭಾಗದ ತುಂಬ ನಮ್ಮ ಹೆಸರು, ಕೆಂಪು ಅಕ್ಷರದಲ್ಲಿ. ಪಕ್ಕದಲ್ಲಿ ಐಸ್‌ಕ್ರೀಮ್ ಹಿಡಿದು ನಗುವ ಒಂದು ಹುಡುಗನ ಚಿತ್ರ. ಅವಳಿಗೆ ಅದು ಹೊಳೆಯದೇ ಇರಲಿಲ್ಲ. ಮನೆಯಿಂದ ತನ್ನದೊಂದು ಹಳೆಯ ಸೀರೆ ತರಿಸಿ, ಫ್ರೀಜರಿನ ಸುತ್ತ ಎರಡು ಸುತ್ತು ಸುತ್ತಿ, ಹೆಸರೂ ಚಿತ್ರವೂ ಮುಚ್ಚುವಂತೆ ಗಂಟು ಹಾಕಿದ್ದಳು. ಸಾವಿನ ಮನೆಯಲ್ಲಿ ಅದನ್ನು ಇಳಿಸಿ, ತಂತಿ ಎಳೆಸಿ ಕರೆಂಟ್ ಕೊಟ್ಟಳು. ಒಳಗೆ ಬಿಳಿಯ ಪಂಚೆ ಹಾಸಿದಳು. ತೊಡೆಯ ಮೇಲಿನ ಮಗುವನ್ನು ತಾಯಿ ಬೇರೆ ಯಾರ ಕೈಗೂ ಬಿಟ್ಟಿರಲಿಲ್ಲವಂತೆ, ಚಿಗವ್ವ ಕೈ ಚಾಚಿದಾಗ ಕೊಟ್ಟಳಂತೆ. ಎಲ್ಲ ಮಾಡಿ, ಅಜ್ಜ ಹೇಳಿಕೊಟ್ಟ ಹಾಗೆ, ಯಾರಿಗೂ ಹೇಳದೆ ಎದ್ದು ಬಂದಳು.

ಮರುದಿನ ತಂದೆ ಬಂದ, ಮುಖ ನೋಡಿದ, ಮಣ್ಣಿಗೆ ಕೊಟ್ಟರು. ಫ್ರೀಜರ್ ವಾಪಸು ಬಂತು. ಚಿಗವ್ವ ಅದನ್ನು ಅಂಗಡಿಯೊಳಗೆ ತರಲಿಲ್ಲ. ಹಿತ್ತಲಲ್ಲಿ ಇಳಿಸಿ, ಅರಿಶಿನ ನೀರು ಹಾಕಿ ತೊಳೆದು, ಇನ್ನು ಇದು ವ್ಯಾಪಾರಕ್ಕಲ್ಲ ಎಂದು ಗೋಣಿ ಮುಚ್ಚಿ ಇಟ್ಟಳು. ಇಷ್ಟನ್ನೂ ಅವಳು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅವಳಿಗೆ ಅನ್ನಿಸಿರಲೂ ಇಲ್ಲ.

ನನಗೆ ಗೊತ್ತಾದದ್ದು ಹೀಗೆ. ನಾನು ಅಪ್ಪನ ಅಂಗಡಿಯಲ್ಲಿ ಕಪ್ಪುಗಳಿಗೆ ಐಸ್‌ಕ್ರೀಮ್ ತುಂಬುತ್ತಿದ್ದೆ. ದಿನಾ ಬರುವ ಗಿರಾಕಿಯೊಬ್ಬಳು, ಇದು ನಿಮ್ಮದೇನು ಎಂದು ಮೊಬೈಲ್ ಮುಂದೆ ಹಿಡಿದಳು. ಒಂದು ಫೋಟೊ. ಫ್ರೀಜರಿಗೆ ಸುತ್ತಿದ ಸೀರೆಯ ಗಂಟು ಸಡಿಲಿ ಕೆಳಗೆ ಜಾರಿತ್ತು. ಕೆಂಪು ಅಕ್ಷರ ಪೂರ್ತಿ ಕಾಣುತ್ತಿತ್ತು. ನಗುವ ಹುಡುಗ ಕಾಣುತ್ತಿದ್ದ. ಮೇಲೆ ಗಾಜಿನೊಳಗೆ, ಹಣೆಗೆ ವಿಭೂತಿ ಹಚ್ಚಿ, ತಲೆಯ ಸುತ್ತ ಮಲ್ಲಿಗೆ ಇಟ್ಟ ಆ ಮಗು. ಸಾವಿನ ಮನೆಗೆ ಹೋದವರು ಯಾರೋ ತೆಗೆದದ್ದು. ಎಂಥ ಕೈ ಇರಬೇಕು ಅದು! ಫೋಟೊದ ಕೆಳಗೆ, ಇವರ ಐಸ್‌ಕ್ರೀಮ್ ತಿನ್ನುವ ಮುಂಚೆ ನೋಡಿರಿ, ಹೆಣ ಇಟ್ಟ ಪೆಟ್ಟಿಗೆಯಲ್ಲೇ ಮಾಲು ಇಡುತ್ತಾರೆ ಎಂದು ಬರೆದಿದ್ದರು. ಆ ಹುಡುಗಿ ಸತ್ತದ್ದೇ ನನಗೆ ಗೊತ್ತಿರಲಿಲ್ಲ. ಎಂಜಲು ಕೋನ್ ಕೊಟ್ಟವಳನ್ನು ನಾನು ಹಾಗೆ ನೋಡಬೇಕಾಯಿತು.

ಆಮೇಲೆ ಶುರುವಾದದ್ದು ನಮ್ಮ ಗ್ರಹಚಾರ. ಐದೂ ಊರುಗಳಿಗೆ ಆ ಫೋಟೊ ಸಂಜೆಯೊಳಗೆ ಮುಟ್ಟಿತು. ಮರುದಿನ ಅಂಗಡಿ ತೆರೆದುಕೊಂಡು ನೊಣ ಹೊಡೆಯುತ್ತ ಕೂತೆವು. ಮದುವೆ ಆರ್ಡರ್ ಕೊಟ್ಟವರು ಫೋನ್ ಮಾಡಿ, ಹೆಣ್ಣಿನ ಕಡೆಯವರು ಬೇಡ ಅಂತಾರೆ, ತಪ್ಪು ತಿಳಿಯಬೇಡಿ ಎಂದರು. ಹರಪನಹಳ್ಳಿಯಲ್ಲಿ ಯಾರೋ ಅಂಗಡಿಯ ಮುಂದೆಯೇ ವಾಂತಿ ಮಾಡಿದ ಹಾಗೆ ನಟಿಸಿ ವಿಡಿಯೊ ಮಾಡಿದರು. ಕೂಡ್ಲಿಗಿಯಲ್ಲಿ ನಾಲ್ಕಾರು ಹೆಣ ಇಟ್ಟಿದ್ದರಂತೆ ಎಂದು ಸುದ್ದಿ ಬೆಳೆಯಿತು. ಬಾಗಳಿಯ ಕಡೆಯಿಂದ ಹಾಲು ಹಾಕುವವರೂ ನಮ್ಮ ಕ್ಯಾನು ಮುಟ್ಟಲು ಹಿಂದೆಮುಂದೆ ನೋಡಿದರು. ಬಾಯಿ ಬಿಟ್ಟು ಹೇಳಿದೆ ನಾನು, ಬಂದವರಿಗೆಲ್ಲ ಹೇಳಿದೆ, ಆ ಫ್ರೀಜರ್ ಮತ್ತೆ ಅಂಗಡಿಗೆ ಬಂದಿಲ್ಲ ಎಂದು. ಹೌದೌದು ಎನ್ನುತ್ತಿದ್ದರು, ತಿನ್ನುತ್ತಿರಲಿಲ್ಲ. ತಮ್ಮ ಮನೆಯಲ್ಲಿ ಸಾವಾದಾಗ ನಮ್ಮ ಅಜ್ಜನ ಐಸಿನ ಮೇಲೆ ತಂದೆಯನ್ನು ಮಲಗಿಸಿದ್ದ ಮನೆತನದವರೇ ಮೂಗು ಮುರಿದದ್ದನ್ನು ನೋಡಿದಾಗ ಮೈಯೆಲ್ಲ ಉರಿದುಹೋಯಿತು.

ದೊಡ್ಡಪ್ಪ ಎಲ್ಲರನ್ನೂ ಕೊಟ್ಟೂರಿಗೆ ಕರೆಸಿದ. ಕಿರುಚಾಡುತ್ತಾನೆ ಎಂದು ನಾನು ಸಿದ್ಧವಾಗಿಯೇ ಹೋಗಿದ್ದೆ. ಅವನು ಕಿರುಚಲಿಲ್ಲ. ಮುಖ ಇಳಿದುಹೋಗಿತ್ತು, ಗಡ್ಡ ಬಂದಿತ್ತು. ಚಿಗವ್ವನನ್ನು ಎದುರು ಕೂಡಿಸಿಕೊಂಡು, ಅಪ್ಪ ಕಟ್ಟಿದ್ದು ಕಣ್ಣ ಮುಂದೆ ಹೋಗುತ್ತಿದೆಯಲ್ಲ ಎಂದ. ಅವನ ಮಕ್ಕಳು ಹಡಗಲಿಯ ಅಂಗಡಿ ಇವತ್ತೇ ಮುಚ್ಚಬೇಕು ಎಂದು ಹಟ ಹಿಡಿದಿದ್ದರು. ನನ್ನ ಅಪ್ಪ ಎಂದಿನಂತೆ ಗೋಡೆ ನೋಡುತ್ತಿದ್ದ. ಅಜ್ಜನ ನೇಮದಂತೆ ನಡೆದವಳು ಇವಳೊಬ್ಬಳೇ ಎಂದು ನಾನು ಬಾಯಿ ಹಾಕಿದೆ. ಹೆಣ್ಣುಮಕ್ಕಳು ಸುಮ್ಮನಿರಿ ಎಂದರು. ಚಿಗವ್ವನೂ ಹೆಣ್ಣೇ, ಅವಳ ಅನ್ನದ ಮಾತೇ ಅಲ್ಲಿ ನಡೆಯುತ್ತಿದ್ದದ್ದು. ಕೊನೆಗೆ ದೊಡ್ಡಪ್ಪ ಒಂದು ದಾರಿ ಹೇಳಿದ.

"ಮಂದಿ ಕಣ್ಣಾರೆ ನೋಡಬೇಕವ್ವ. ಆ ಫ್ರೀಜರ್ ಹಡಗಲಿ ಅಂಗಡಿ ಮುಂದನ ಇಟ್ಟು, ಎಲ್ಲಾರ ಎದುರು ಒಡದು ಚೂರು ಮಾಡೋಣು. ಫೋನಿನ್ಯಾಗ ತಗೊಂಡು ಹಂಗ ಊರೂರಿಗೂ ಕಳಸೋಣು. ಅಷ್ಟು ಮಾಡಿದಿ ಅಂದ್ರ ಅಂಗಡಿ ನಿಂದ. ನಿನ್ನ ಹೆಸರಿಗೆ ಬರದು ಕೊಡತೀನಿ."

ಚಿಗವ್ವನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಮಗಳು ಮುಂದಿನ ವರ್ಷ ಹೈಸ್ಕೂಲಿಗೆ, ಮಗ ಅವಳ ಹಿಂದೆ. ಅಂಗಡಿ ಹೋದರೆ ಮತ್ತೆ ಕೊಟ್ಟೂರಿನ ಒಲೆಯ ಮುಂದೆ ಬಂದು ಕೂಡಬೇಕು, ಅದೂ ಈಗ ಮನೆತನ ಮುಳುಗಿಸಿದವಳು ಎನ್ನಿಸಿಕೊಂಡು. ಇದೆಲ್ಲ ಅವಳ ಮುಖದಲ್ಲಿ ಕಾಣುತ್ತಿತ್ತು.

"ಒಡೀರಿ ಭಾವಾರ," ಎಂದಳು.

ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಒಂದು ಪೆಟ್ಟಿಗೆ, ತಗಡು ಮತ್ತು ಗಾಜು, ಅದನ್ನು ಒಡೆದರೆ ಯಾರ ಗಂಟು ಹೋಗುತ್ತದೆ? ಅವತ್ತು ಹಾಗೇ ಅಂದುಕೊಂಡು ನಾವೆಲ್ಲ ಊಟ ಮಾಡಿದೆವು.

ಒಡೆಯುವ ದಿನ ನಾನೂ ಹಡಗಲಿಗೆ ಹೋದೆ. ಹೂವಿನ ವ್ಯಾಪಾರ ಮುಗಿದು, ಬಸ್ಸುಗಳ ಜನ ಹೆಚ್ಚಾಗುವ ಹೊತ್ತು ನೋಡಿ ದೊಡ್ಡಪ್ಪ ಸಮಯ ಇಟ್ಟಿದ್ದ. ಫ್ರೀಜರನ್ನು ಹಿತ್ತಲಿನಿಂದ ಎತ್ತಿಸಿ ಮೆಟ್ಟಿಲ ಕೆಳಗೆ ಇರಿಸಿದರು. ಕೆಂಪು ಹೆಸರು ರಸ್ತೆಯ ಕಡೆಗೆ. ವೆಲ್ಡಿಂಗ್ ಅಂಗಡಿಯ ಒಬ್ಬ ಗಟ್ಟಿ ಆಳು ದೊಡ್ಡ ಸುತ್ತಿಗೆ ತಂದಿದ್ದ. ನೋಡನೋಡುತ್ತ ಮಂದಿ ಕೂಡಿತು. ಐಸ್‌ಕ್ರೀಮ್ ತಿನ್ನಲು ಬರದೆ ಇದ್ದವರು ಅದನ್ನು ನೋಡಲು ಬಂದಿದ್ದರು, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು. ಎಲ್ಲರ ಕೈಯಲ್ಲೂ ಮೊಬೈಲ್. ದೊಡ್ಡಪ್ಪ ಇಸ್ತ್ರಿ ಬಟ್ಟೆ ತೊಟ್ಟು, ಹಣೆಗೆ ವಿಭೂತಿ ಧರಿಸಿ ಬಂದಿದ್ದ. ಮೊದಲು ತೆಂಗಿನಕಾಯಿ ಒಡೆದ. ಆಮೇಲೆ ಕೈ ಮುಗಿದು, ತಿಳಿಯದೆ ಒಂದು ತಪ್ಪಾಗಿದೆ, ಅದನ್ನು ನಿಮ್ಮೆದುರೇ ತೊಳೆದುಕೊಳ್ಳುತ್ತಿದ್ದೇವೆ ಎಂದು ಭಾಷಣ ಶುರು ಮಾಡಿದ. ಚಿಗವ್ವ ಶಟರಿನ ಪಕ್ಕ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ನಾನು ಅವಳ ಕೈ ಹಿಡಿದಿದ್ದೆ.

ಸುತ್ತಿಗೆಯವನು ತೋಳು ಏರಿಸಿದ. ಅಷ್ಟರಲ್ಲಿ ಮಂದಿಯ ನಡುವಿನಿಂದ ಆ ತಾಯಿ ಬಂದಳು.

ಮಗಳು ಸತ್ತ ಮೇಲೆ ಆಕೆ ಮೆಟ್ಟಿಲಿಗೆ ಹೂವು ತಂದು ಕೂತಿರಲಿಲ್ಲ. ಅವತ್ತು ಯಾರೋ ಹೇಳಿರಬೇಕು. ಅತ್ತುಕೊಂಡು, ತಲೆ ಕೆದರಿಕೊಂಡು ಬರಲಿಲ್ಲ. ನೆಟ್ಟಗೆ ಬಂದಳು, ಸುತ್ತಿಗೆ ಇದೆಯೆಂದು ಸಹ ನೋಡದೆ ಫ್ರೀಜರಿನ ಹತ್ತಿರ ಹೋದಳು, ಗಾಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಒರೆಸಿ ಒಳಗೆ ನೋಡಿದಳು. ಒಳಗೆ ಏನೂ ಇರಲಿಲ್ಲ. ಯಾರೂ ಮೊಬೈಲ್ ಕೆಳಗಿಳಿಸಲಿಲ್ಲ, ಅದನ್ನು ಮಾತ್ರ ಬರೆಯಲೇಬೇಕು.

ಆಕೆ ದೊಡ್ಡಪ್ಪನ ಕಡೆ ತಿರುಗಿ ಕೇಳಿದಳು. ದನಿ ಏರಿಸಲಿಲ್ಲ.

"ಥಂಡಿ ಆಗತೈತಿ ಅಂತ ಬೈದು, ಒಂದು ದಿನಾನೂ ಆಕಿಗಿ ಐಸ್‌ಕ್ರೀಮ್ ಕೊಡಸಲಿಲ್ಲರಿ ನಾನು. ಆಮ್ಯಾಲ ಇದರಾಗ ಮಲಗಿಸಿದೆ. ಆಕಿ ಏನು ಹೊಲಸು ಮಾಡ್ಯಾಳ ಅಂತ ಒಡೀತೀರಿ?"

ದೊಡ್ಡಪ್ಪ ಕೆಟ್ಟವನಲ್ಲ, ಅವನ ಕಣ್ಣಲ್ಲೂ ನೀರು ಬಂದದ್ದನ್ನು ನಾನು ನೋಡಿದೆ. ಆದರೆ ಐದು ಅಂಗಡಿ ಅವನ ತಲೆಯ ಮೇಲಿದ್ದವು. ಯಾರಾದರೂ ಆ ತಾಯಿಯನ್ನು ಸ್ವಲ್ಪ ಆಚೆ ಕರೆದುಕೊಂಡು ಹೋಗಿರಿ ಎಂದ. ಇಬ್ಬರು ಹೆಂಗಸರು ಬಂದು ಆಕೆಯ ರಟ್ಟೆ ಹಿಡಿದರು. ಆಕೆ ಜಗಳವಾಡದೆ ಅವರು ಎಳೆದ ಕಡೆ ಹೊರಟಳು. ಅಂಗೈ ಮಾತ್ರ ಗಾಜಿನ ಮೇಲೆ ಕೊನೆಯ ತನಕ ಇತ್ತು. ದೊಡ್ಡಪ್ಪ ಸುತ್ತಿಗೆಯವನಿಗೆ ಕಣ್ಣು ಮಾಡಿದ.

ಚಿಗವ್ವ ನನ್ನ ಕೈ ಬಿಡಿಸಿಕೊಂಡಳು. ಮೆಟ್ಟಿಲಿಳಿದು ಹೋಗಿ ಫ್ರೀಜರಿಗೂ ಸುತ್ತಿಗೆಗೂ ನಡುವೆ ನಿಂತಳು. ಸೆರಗು ಜಾರಿತ್ತು, ಸರಿ ಮಾಡಿಕೊಳ್ಳಲಿಲ್ಲ. ಭಾವನ ಎದುರು ಹಾಗೆ ತಲೆ ಬಿಟ್ಟು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅಂಗಡಿ ತಗೋರಿ ಭಾವಾರ," ಎಂದಳು. "ಇದನ್ನ ಒಡೀಬ್ಯಾಡ್ರಿ."

ನನಗೆ ಕೂಗಬೇಕೆನ್ನಿಸಿತು. ಭಲೇ ಎಂದು ಕೂಗಬೇಕೋ, ಬೇಡ, ಮಕ್ಕಳನ್ನು ನೆನೆಸಿಕೋ ಎಂದು ಕೂಗಬೇಕೋ ತಿಳಿಯಲಿಲ್ಲ. ದೊಡ್ಡಪ್ಪ ಅವಳನ್ನು ನೋಡಿದ, ಮಂದಿಯನ್ನು ನೋಡಿದ, ಎದುರು ಹಿಡಿದ ಅಷ್ಟೂ ಮೊಬೈಲುಗಳನ್ನು ನೋಡಿದ. ವ್ಯಾಪಾರ ಮಾಡಿ ಪಳಗಿದ ತಲೆ. ಮತ್ತೆ ಎರಡೂ ಕೈ ಜೋಡಿಸಿ, ಇವತ್ತಿನಿಂದ ಹಡಗಲಿಯ ಈ ಅಂಗಡಿಗೂ ನಮ್ಮ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ, ಉಳಿದ ನಾಲ್ಕು ಊರಿನ ಮಾಲು ನಂಬಿ ತಿನ್ನಬಹುದು ಎಂದು ಹೇಳಿದ. ಆಳುಗಳಿಂದ ಬೋರ್ಡ್ ಇಳಿಸಿದ. ಒಳಗೆ ಹೋಗಿ ಮೇನ್ ಸ್ವಿಚ್ ತೆಗೆದ, ಶಟರ್ ಎಳೆದು ಬೀಗ ಹಾಕಿದ. ಒಳಗಿನ ದೊಡ್ಡ ಫ್ರೀಜರಿನಲ್ಲಿದ್ದ ಮಾಲೆಲ್ಲ ಸಂಜೆಯ ಹೊತ್ತಿಗೆ ಕರಗಿ ಶಟರಿನ ಕೆಳಗಿನಿಂದ ಮೆಟ್ಟಿಲ ಮೇಲೆ ಹರಿಯಿತು. ಬೀದಿನಾಯಿಗಳು ನೆಕ್ಕಿದವು. ಮನುಷ್ಯರು ಮುಟ್ಟಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನೊಂದಿಗೆ ಜಗಳ ತೆಗೆದೆ. ಒಂದು ಮಾತು ಆಡಲಿಲ್ಲವಲ್ಲ ನೀನು, ನಿನ್ನ ತಮ್ಮನ ಹೆಂಡತಿ ಅವಳು ಎಂದೆ. ಸುತ್ತಲಿನವರೆಲ್ಲ ತಿರುಗಿ ನೋಡುತ್ತಿದ್ದರು. ನೋಡಲಿ ಎಂದು ಇನ್ನೂ ಜೋರಾಗಿ ಹೇಳಿದೆ. ನಾನು ಮಾತಾಡಿದ್ದರೆ ನಾಳೆ ನಮ್ಮ ಅಂಗಡಿಗೂ ಬೀಗ ಬೀಳುತ್ತಿತ್ತು ಎಂದ ಅಪ್ಪ. ಸುಳ್ಳಾಗಿರಲಿಲ್ಲ ಅದು. ನನ್ನ ಸಂಬಳದಲ್ಲಿ ಮನೆ ನಡೆಸೋಣ ಎಂದೆ. ಅಪ್ಪ ಕಿಟಕಿಯ ಕಡೆ ತಿರುಗಿದ.

ಆ ವಿಡಿಯೊ ಊರೂರು ತಿರುಗಿತು. ದೊಡ್ಡಪ್ಪ ಕೈ ಮುಗಿದದ್ದು, ಬೋರ್ಡ್ ಇಳಿಸಿದ್ದು, ಬೀಗ ಹಾಕಿದ್ದು ಇತ್ತು. ತಾಯಿ ಬಂದ ಭಾಗವನ್ನು ಕತ್ತರಿಸಿದ್ದರು. ಮಂದಿ ಮೆಚ್ಚಿಕೊಂಡರು. ಸ್ವಂತ ಮನೆಯವಳನ್ನೂ ಬಿಡಲಿಲ್ಲ ನೋಡು, ಅಂಥ ನಿಯತ್ತು ಎಂದು ನನ್ನ ಮುಂದೆಯೇ ಹೇಳಿ, ಎರಡು ಕಪ್ ಮಾವಿನದು ಕೊಡಿ ಎಂದರು. ಕೊಟ್ಟೆ. ಮದುವೆ ಆರ್ಡರುಗಳು ಒಂದೊಂದಾಗಿ ವಾಪಸು ಬಂದವು. ಆ ವರ್ಷ ಮಳೆ ತಡವಾಯಿತು, ಬೇಸಿಗೆ ಉದ್ದವಾಯಿತು, ನಾಲ್ಕು ಅಂಗಡಿಗಳಲ್ಲೂ ಚೆನ್ನಾಗಿಯೇ ವ್ಯಾಪಾರವಾಯಿತು.

ಚಿಗವ್ವ ಕೊಟ್ಟೂರಿಗೆ ಹೋಗಲಿಲ್ಲ. ಅಲ್ಲಿಂದ ಯಾರೂ ಕರೆಯಲೂ ಇಲ್ಲ ಅನ್ನಿ. ಹಡಗಲಿಯಲ್ಲೇ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ಬೆಳಗಾಗುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಮೊದಲಿನ ಮನೆ ಬಿಟ್ಟು ಒಂದೇ ಕೋಣೆಯ ಮನೆ ಹಿಡಿದಿದ್ದಾಳೆ. ಮಗಳು ಶಾಲೆ ಬಿಡುವ ಮಾತಾಡಿದ್ದಕ್ಕೆ ಬಾಸುಂಡೆ ಬರುವ ಹಾಗೆ ಹೊಡೆದಳಂತೆ. ಹಿಂದೆ ಮಕ್ಕಳ ಮೇಲೆ ಕೈ ಎತ್ತಿದವಳಲ್ಲ. ಫ್ರೀಜರ್ ಆ ಕೋಣೆಯ ಅರ್ಧ ಜಾಗ ತಿಂದಿದೆ. ಅದರಲ್ಲಿ ಜೋಳದ ಹಿಟ್ಟು, ಮಕ್ಕಳ ಹೊದಿಕೆ, ಹಳೆಯ ಪಠ್ಯಪುಸ್ತಕ. ಕೆಂಪು ಹೆಸರನ್ನು ಅವಳು ಕೆರೆದು ತೆಗೆದಿದ್ದಾಳೆ. ಹೂವಿನ ಹೆಂಗಸು ಮತ್ತು ಗಂಡ ಊರು ಬಿಟ್ಟು ಹೋದರಂತೆ, ಎಲ್ಲಿಗೆ ಎಂದು ಗೊತ್ತಿಲ್ಲ.

ಈ ಸಲ ದೀಪಾವಳಿ ರಜೆಯಲ್ಲಿ ಹೋಗಿದ್ದೆ. ಹಾಸ್ಟೆಲಿನಿಂದ ಬಂದವಳು ಕೈಕಾಲು ತೊಳೆದು, ನನಗೆ ಉಣ್ಣಲು ಹಾಕಿ, ಎದುರು ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ದೊಡ್ಡಪ್ಪನಿಗೆ ನಾನು ಬೈಯುತ್ತಿದ್ದೆ. ಅವಳು ಎಲ್ಲ ಕೇಳಿ, ಅವನ ಮಾತು ಬಿಡು ಎಂದಳು. ಆಮೇಲೆ ತಾನಾಗಿಯೇ ಹೇಳಿದಳು.

"ಹೋದ ಬ್ಯಾಸಗ್ಯಾಗ ಒಬ್ಬ ಬಂದಿದ್ದ. ಫ್ರೀಜರ್ ಐತೇನ್ರಿ ಅಂತ. ಸಣ್ಣ ಕೂಸಂತ."

ಕೊಟ್ಟೆಯಾ ಎಂದು ಕೇಳಿದೆ.

"ಕೆಟ್ಟೈತಿ ಅಂದೆ."

ನಿಜವಾಗಿಯೂ ಕೆಟ್ಟಿದೆಯಾ ಎಂದೆ. ಅವಳು ಈರುಳ್ಳಿಯಿಂದ ಕಣ್ಣು ಎತ್ತಲಿಲ್ಲ.

"ಚೊಲೋ ಐತಿ. ಇನ್ನೊಮ್ಮಿ ನನ್ನ ಕಡಿಂದ ಆಗಂಗಿಲ್ಲವ್ವ. ನನಗೂ ಮಕ್ಕಳದಾವು."

ಆಮೇಲೆ ಅವರು ಏನು ಮಾಡಿದರು ಎಂದು ಕೇಳಿದೆ. ವಿಚಾರಿಸಲಿಲ್ಲ ನಾನು, ಬಾಗಿಲು ಹಾಕಿಕೊಂಡೆ ಎಂದಳು. ಸ್ವಲ್ಪ ಹೊತ್ತು ಹೆಚ್ಚಿದಳು. ಅವತ್ತೇ ಸಂಜೆ ಮಣ್ಣು ಮಾಡಿದರಂತೆ ಎಂದಳು. ತಾಯಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳಂತೆ, ಹೆರಿಗೆ ಕಷ್ಟವಾಗಿತ್ತಂತೆ, ಮುಖ ನೋಡಲಿಲ್ಲವಂತೆ. ಹೆಣ್ಣು ಕೂಸಂತೆ. ತಲೆತುಂಬ ಕೂದಲಿತ್ತಂತೆ.